ಕಾಕಾನ ಕಿವಿ, ನನ್ನ ಮೀಟರು

1.35 ವೋಲ್ಟಿನ ಸೆಲ್ಲೂ 1.5 ವೋಲ್ಟಿನ ಸೆಲ್ಲೂ ಒಂದೇ ಅಲ್ಲ ಅಂತ ವಾಚ್ ಅಂಗಡಿಯಂವಗ ಯಾರರ ತಿಳಿಸಿ ಹೇಳ್ರಿ. ಮೊನ್ನೆ ಹೋದ್ರ ಮತ್ತ ಅದೇ ರಾಗ, "ಸೈಜ್ ಕೂಡತೈತಲ್ರಿ ಸರ್, ಮತ್ತೇನ್ ಬೇಕು?" ಕೂಡತೈತಿ, ಖರೆ. ಆದ್ರ ನನ್ನ ಹಳೇ ಫಿಲ್ಮ್ ಕ್ಯಾಮೆರಾ 1.35ರ ಪಾದರಸದ ಸೆಲ್ಲಿಗೆ ಅಂತ ಮಾಡಿದ್ದು, ಆ ಸೆಲ್ ಬಂದ್ ಆಗಿ ಯಾವ ಕಾಲ ಆತು, ಈಗಿನದು ಹಾಕಿದ್ರ ಮೈಯಾಗ ದೇವರ ಬಂದಂಗ ಬೆಳಕ ಅಳಿಯೋ ಮೀಟರಿನ ಮುಳ್ಳ ಮ್ಯಾಲಕ್ಕ ಏರಿ ಇಲ್ಲದ ಬೆಳಕ ತೋರಸ್ತೈತಿ, ಅದನ್ನ ನಂಬಿ ಕ್ಲಿಕ್ ಮಾಡಿದ್ರ ಫೋಟೋ ಎಲ್ಲಾ ಕಪ್ಪ. ರೋಲಿನ ರೇಟ್ ಗೊತ್ತಲ್ಲ ನಿಮಗ?

ಇದಕ್ಕ ಔಷಧ ಅಂದ್ರ ಕಿವಿ ಮಷೀನಿನ 675 ನಂಬರ್ ಸೆಲ್. 1.4 ವೋಲ್ಟ್, ನಡೀತೈತಿ. ಸಣ್ಣದು, ಸುತ್ತ ರಬ್ಬರ್ ರಿಂಗ್ ಹಾಕಿ ಕೂಡಿಸಬೇಕು. ಸ್ಟಿಕರ್ ಕಿತ್ತಿದ ಮ್ಯಾಲ ಮಾತ್ರ ಗಾಳಿ ಹೊಕ್ಕು, ನೀವ್ ಫೋಟೋ ತಗೀರಿ ಬಿಡ್ರಿ, ತನ್ನಷ್ಟಕ್ಕ ಖಾಲಿ ಆಕ್ಕೊಂತ ಹೋಗ್ತೈತಿ. ಗೋಳಗುಮ್ಮಟಕ್ಕ ಹೋದ ದಿನ ಹಂಗ ಆತು. ಏದುಸಿರ ಬಿಟ್ಕೊಂತ ಪಿಸುಮಾತಿನ ಗ್ಯಾಲರಿಗೆ ಹತ್ತೀವಿ, ನೋಡಿದ್ರ ಮುಳ್ಳ ಅಲ್ಲಾಡವಲ್ದು. ಬಾಜೂಕ ಕಾಕಾ. ಕಾಕಾನ ಕಿವ್ಯಾಗ 675.

"ಕಾಕಾ, ಐದ ನಿಮಿಷ ಕೊಡು."

ಕೊಟ್ಟ. ನಾ ಬಾಗಿಲದ ಬಿಸಲಿಗೊಂದ, ಒಳಗಿನ ಕತ್ತಲಿಗೊಂದ ರೀಡಿಂಗ್ ನೋಡ್ಕೊಂತ ನಿಂತೆ. ಸಾಲಿ ಹುಡುಗ್ರು ಕಿರುಚಾಕತ್ತಾವು, ಒಂದ ಸಿಳ್ಳಿಗೆ ಗುಮ್ಮಟ ಏಳೇಳು ಸಿಳ್ಳಿ ವಾಪಸ್ ಕೊಡತೈತಿ, ಮಂದಿ ಕಿವಿ ಮುಚ್ಕೊಂಡಾರ. ಕಾಕಾ ಒಬ್ಬಂವ ಗ್ವಾಡಿಗೆ ಕಿವಿ ಹಚ್ಚಿ ನಿಂತಾನ. ಆಚೆ ಕಡೆ, ಅಂದ್ರ 38 ಮೀಟರ್ ದೂರ, ಗೈಡ್ ಪಾಪ ಕಾಗದ ಹರದು ತೋರಸಾಕತ್ತಾನ. ಕಾಕಾ ತಲಿ ಅಲ್ಲಾಡಿಸಿದ, ಇಲ್ಲ. ಗೈಡ್ ಮತ್ತೊಂದ ಹರದ. ಇಲ್ಲ. ಕಡೀಕ ಕಾಕಾ ತನ್ನ ಹೊಲದ ದನಿ ತಗದು ಒದರಿದ: "ಗುಮ್ಮಟ ಕೆಟ್ಟೈತೋ ತಮ್ಮಾ!" ಕೆಟ್ಟೈತೋ, ಕೆಟ್ಟೈತೋ, ಕೆಟ್ಟೈತೋ ಅಂತ ಗುಮ್ಮಟಾನ ಒಪ್ಕೊಂತು. ಎಲ್ಲಾರೂ ಕೇಳಿದ್ರು, ಕಾಕಾ ಒಬ್ಬನ್ನ ಬಿಟ್ಟು.

ಸೆಲ್ ಸರಿ ಇದ್ರರ ಮುಗೀತೇನು? ಈ ಮೀಟರಿಗೆ ಜಗತ್ತೆಲ್ಲಾ 18 ಪರ್ಸೆಂಟ್ ಬೂದಿ ಬಣ್ಣ, ಅಂದ್ರ ಕರೀನೂ ಅಲ್ಲ, ಬಿಳೀನೂ ಅಲ್ಲ, ನಡುವಿಂದು. ಕಾಕಾನ ಬಿಳೀ ಧೋತರ, ಬಿಳೀ ಅಂಗಿ, ಬಿಳೀ ಟೊಪಗಿ ಕಂಡಕೂಡಲೇ ಬೆಳಕ ಭಾಳ ಆತು ಅಂತ ಗಾಬರಿ ಆಗ್ತೈತಿ, ಅದಕ್ಕ ಮುಖದ ಸನೇಕ ಹೋಗಿ ಅಳೀಬೇಕು. ನಾ ಸನೇಕ ಹೋದ್ನೆಂದ್ರ ಕಾಕಾ ಫೋಟೋ ಆತು ಅಂತ ಎದ್ದ ಹೋಗ್ತಾನ. ಫೋನಿನಾಗ ಬೆಳಕ ಅಳಿಯೋ ಆ್ಯಪ್ ಹಾಕ್ಕೊ ಅನ್ನವರಿಗೆ ನಮಸ್ಕಾರ.

ಕ್ಯಾಮೆರಾ ಮೊದಲ ಕಾಕಾನದ. ಅಂವ ಮೀಟರ್ ಕಡೆ ನೋಡಿದಂವಲ್ಲ. ಆಗ ಫಿಲ್ಮಿನ ಡಬ್ಬಿ ಒಳಗ ಸೂರ್ಯ, ಮೋಡದ ಚಿತ್ರ ಅಚ್ಚ ಹಾಕಿರ್ತಿದ್ರು, ಸುಡು ಬಿಸಲಿದ್ರ ಲೆನ್ಸಿನ ಕಂಡಿ f/16, ಫಿಲ್ಮಿನ ಸ್ಪೀಡ್ 100 ಇದ್ರ ಶಟರ್ ಸೆಕೆಂಡಿನ 125ನೇ ಪಾಲು, ಮುಗೀತು. ಕಾಕೀನ ಫೋಟೋ ಎಲ್ಲಾ ಹಂಗ ತಗದಾನ, ಇಳಕಲ್ ಸೀರಿ ಸೆರಗಿನ ಕೆಂಪ ಇನ್ನೂ ಹಂಗ ಐತಿ. ಕಾಕಿ ಹೋಗಿ ಭಾಳ ವರ್ಷ ಆತು.

ಗುಮ್ಮಟದ ಸುದ್ದಿ ಯಾರೋ ಕಾಕಾನ ಮುಂದ ಹೇಳ್ಯಾರ. ಈಗ ಸೆಲ್ಲಿನ ಪಟ್ಟಿ ಬಂಡಿ ಕಿಸೇದಾಗ ಇಟ್ಕೊಂಡೇ ಅಡ್ಡಾಡತಾನ. ಒಂದ ಕೊಡು ಕಾಕಾ ಅಂದ್ರ, "ಏನೂ ಕೇಳಸವಲ್ದೋ" ಅಂತಾನ. ಮಷೀನ್ ಕಿವ್ಯಾಗ ಇರತೈತಿ.