ಎಷ್ಟು ಎಕ್ಸು, ಎಷ್ಟು ಇಂಚು

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ಆರೂವರೆಗೆ ಕ್ಯಾಮೆರಾ ಹಿಡಿದು ನಿಂತವರಿಗೆ ವಾಕಿಂಗಿನವರು ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಎಕ್ಸ್ ಸಾರ್?’ ಯಾವ ಹಕ್ಕಿ ಅಂತಲ್ಲ, ಫೋಟೋ ಬಂತಾ ಅಂತಲ್ಲ. ಎಷ್ಟು ಎಕ್ಸ್. 83 ಅಂದರೆ ಹುಬ್ಬು ಮೇಲೇರುತ್ತದೆ. 3.6 ಅಂದರೆ ‘ಓಹೋ, ಚಿಕ್ಕದು’ ಅಂತ ಮಂಕಿಕ್ಯಾಪು ಸರಿಮಾಡಿಕೊಂಡು ಹೊರಟುಬಿಡುತ್ತಾರೆ. ಮದುವೆಮನೆಯಲ್ಲಿ ಹುಡುಗನ ಸಂಬಳ ವಿಚಾರಿಸುವವರ ಧಾಟಿಯೇ ಇದು. ಒಂದು ಸಂಖ್ಯೆ ಕೈಗೆ ಸಿಕ್ಕರೆ ಸಾಕು, ಉಳಿದದ್ದನ್ನು ಅವರೇ ತೀರ್ಮಾನ ಮಾಡಿಕೊಳ್ಳುತ್ತಾರೆ.

ಎಕ್ಸ್ ಅಂದರೆ ಬರೀ ಭಾಗಾಕಾರ. ಲೆನ್ಸು ದೂರದ್ದನ್ನು ಎಷ್ಟು ಹತ್ತಿರ ತರುತ್ತದೆ ಅನ್ನುವುದಕ್ಕೆ ಫೋಕಲ್ ಲೆಂತ್ ಅಂತ ಮಿ.ಮೀ. ಅಳತೆಯಿದೆ. ಅದರ ಉದ್ದದ ತುದಿಯನ್ನು (ಪೂರ್ತಿ ಜೂಮ್) ಅಗಲದ ತುದಿಯಿಂದ (ಜೂಮ್ ಎಳೆಯದಾಗ) ಭಾಗಿಸಿ ಡಬ್ಬದ ಮೇಲೆ ಅಚ್ಚು ಹಾಕಿದ್ದು. 2015ರ ನಿಕಾನ್ ಪಿ900ರಲ್ಲಿ 2000ವನ್ನು 24ರಿಂದ ಭಾಗಿಸಿ 83 ಅಂದರು. ಅದರ ಅಣ್ಣ ಪಿ1000ದಲ್ಲಿ 3000 ಭಾಗಿಸು 24, ಅಲ್ಲಿಗೆ 125. 2012ರ ಸೋನಿ ಆರ್‌ಎಕ್ಸ್100ರಲ್ಲಿ 100 ಭಾಗಿಸು 28, ಬಂದದ್ದು ಮೂರೂವರೆ ಚಿಲ್ಲರೆ. ರಂಗನತಿಟ್ಟಿನ ದೋಣಿಯಲ್ಲಿ ಸೋರೆಕಾಯಿ ಗಾತ್ರದ 200-500 ಲೆನ್ಸನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಕೂತಿರುತ್ತಾರಲ್ಲ, ಅವರದು ಎರಡೂವರೆ ಎಕ್ಸ್. ಜೂಮೇ ಇಲ್ಲದ 600ರ ಲೆನ್ಸಿನವರದು ಒಂದೇ ಎಕ್ಸ್. ಈ ಲೆಕ್ಕದಲ್ಲಿ ಅವರು ಮೊಬೈಲಿನವರಿಗಿಂತ ಕಡೆ. ಇನ್ನು ಆರ್‌ಎಕ್ಸ್100 ಅಂತ ಹೆಸರು ಹೇಳಿದರೆ ಮಂಡ್ಯದ ಕಡೆ ಅದು ಇವತ್ತಿಗೂ ಬೈಕೇ. ‘ಯಾವ ಮಾಡೆಲ್ಲು, ಸೈಲೆನ್ಸರ್ ಒರಿಜಿನಲ್ಲಾ?’ ಅಂತ ಕೇಳುತ್ತಾರೆ. ಅದಕ್ಕಾದರೂ ನೆಟ್ಟಗೆ ಉತ್ತರ ಹೇಳಬಹುದು.

ಪಿ900ರಂಥ ಸೂಪರ್‌ಜೂಮ್ ಕೊಂಡವರು ಮೊದಲ ವಾರ ತೆಗೆಯುವುದು ಚಂದ್ರನನ್ನೇ. ತಪ್ಪೇನಿಲ್ಲ, ಅದಕ್ಕೆ ಇಷ್ಟು ಅಗ್ಗದಲ್ಲಿ ಬೇರೆ ದಾರಿಯಿಲ್ಲ. ಚಂದ್ರ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ. 2000ದಲ್ಲಿ ಅಡ್ಡಕ್ಕೆ ಕಾಣುವುದು ಒಂದೇ ಡಿಗ್ರಿ, ಅಂದರೆ ಚೌಕಟ್ಟಿನ ಅರ್ಧ ಅಗಲ ಚಂದ್ರನೇ. ಆದರೆ ಆಟೋದಲ್ಲಿ ಬಿಟ್ಟರೆ ಬರುವುದು ಇಡ್ಲಿ. ಸುತ್ತಲಿನ ಕತ್ತಲೆ ನೋಡಿ ಕ್ಯಾಮೆರಾ ಗಾಬರಿಯಾಗಿ ಬೆಳಕು ಏರಿಸುತ್ತದೆ. ಚಂದ್ರನೋ ಬಿಸಿಲಲ್ಲಿ ಬಿದ್ದಿರುವ ಬಂಡೆ. ಮ್ಯಾನ್ಯುಯಲ್‌ಗೆ ತಂದು ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಎಫ್ (ಲೆನ್ಸಿನ ಬಾಯಿ; ಅಂಕಿ ದೊಡ್ಡದಾದಷ್ಟೂ ಬಾಯಿ ಕಿರಿದು) 6.5, ಷಟರ್ ಸೆಕೆಂಡಿನ 250ನೇ ಒಂದು ಭಾಗ ಇಟ್ಟು ಅಲ್ಲಿಂದ ಹೆಚ್ಚುಕಮ್ಮಿ ಮಾಡಬೇಕು. ಎರಡು ಸೆಕೆಂಡಿನ ಟೈಮರ್ ಹಾಕಬೇಕು, ಗುಂಡಿ ಒತ್ತಿದ ಅಲುಗಾಟ ಅಷ್ಟರಲ್ಲಿ ಅಡಗುತ್ತದೆ. ಎರಡು ನಿಮಿಷಕ್ಕೆ ಚಂದ್ರ ತನ್ನದೇ ಅಗಲದಷ್ಟು ಸರಿದಿರುತ್ತಾನೆ, ಹಾಗಾಗಿ ಟ್ರೈಪಾಡ್ ಇಟ್ಟು ಕಾಫಿಗೆ ಹೋದರೆ ಬರುವಷ್ಟರಲ್ಲಿ ಚೌಕಟ್ಟು ಖಾಲಿ. ಕುಳಿಗಳು ಕಾಣಬೇಕಾದರೆ ಹುಣ್ಣಿಮೆಗಿಂತ ಅಷ್ಟಮಿಯ ಆಸುಪಾಸು ವಾಸಿ: ಓರೆ ಬೆಳಕಿಗೆ ನೆರಳು ಬಿದ್ದಿರುತ್ತದೆ.

ಇನ್ನೊಂದು ಗುಂಪಿದೆ. ಅವರು ಎಕ್ಸ್ ಕೇಳುವುದಿಲ್ಲ. ಒಂದು ಹೆಜ್ಜೆ ಹಿಂದೆ ನಿಂತು, ಕ್ಯಾಮೆರಾವನ್ನು ಒಮ್ಮೆ ಅಳೆದು ನೋಡಿ, ‘ಸೆನ್ಸರ್ ಎಷ್ಟು ಇಂಚು?’ ಅನ್ನುತ್ತಾರೆ. ಸೆನ್ಸರ್ ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಬಿಲ್ಲೆ. ಇವರು ತಿಳಿದವರು. ತಿಳಿದವರ ಕಾಟ ಇನ್ನೂ ಜಾಸ್ತಿ.

ಯಾಕೆಂದರೆ ಒಂದು ಇಂಚಿನ ಸೆನ್ಸರಿನಲ್ಲಿ ಒಂದು ಇಂಚು ಎಲ್ಲೂ ಇಲ್ಲ. ಅಡ್ಡ 13.2 ಮಿ.ಮೀ., ಉದ್ದ 8.8. ಮೂಲೆಯಿಂದ ಮೂಲೆಗೆ ಎಳೆದರೂ 16 ದಾಟುವುದಿಲ್ಲ. ಇಂಚಿಗೆ 25.4. ಉಳಿದದ್ದು ಎಲ್ಲಿ ಹೋಯಿತು? ಹಳೇ ಟೀವಿ ಕ್ಯಾಮೆರಾಗಳಲ್ಲಿ ವಿಡಿಕಾನ್ ಅನ್ನುವ ಗಾಜಿನ ಕೊಳವೆ ಇರುತ್ತಿತ್ತು. ಅದರ ಹೊರಮೈ ಒಂದು ಇಂಚು, ಒಳಗೆ ಚಿತ್ರ ಮೂಡುವ ಜಾಗ ಅದರ ಮೂರನೇ ಎರಡು ಭಾಗ. ಕೊಳವೆ ಗುಜರಿಗೆ ಹೋಗಿ ಕಾಲವಾಯಿತು, ಇಂಚು ಮಾತ್ರ ಪಿತ್ರಾರ್ಜಿತ ಆಸ್ತಿಯಂತೆ ಉಳಿದುಕೊಂಡಿತು. ಪೈಪಿನ ಅಂಗಡಿಯಲ್ಲಿ ಅರ್ಧ ಇಂಚಿನ ಜಿಐ ಪೈಪು ಕೇಳಿ ಅಳೆದು ನೋಡಿ, ಹೊರಮೈ 21 ಮಿ.ಮೀ. ಮೇಲಿರುತ್ತದೆ. ಅಲ್ಲೂ ಇದೇ ಕತೆ. ಆದರೆ ಪೈಪಿನವನು ‘ಹಾಗೇ ಕರೀತಾರೆ ಸಾರ್’ ಅಂತ ಒಪ್ಪಿಕೊಳ್ಳುತ್ತಾನೆ. ಕ್ಯಾಮೆರಾದವರು ಒಪ್ಪಿಕೊಳ್ಳುವುದಿಲ್ಲ.

ಇಂಚಿನ ವಿಷಯ ಬಂದಮೇಲೆ ಬೋರ್‌ವೆಲ್ ಬಿಟ್ಟು ಮುಂದೆ ಹೋಗುವುದು ಹೇಗೆ? ನಾಗಮಂಗಲದ ಕಡೆ ಬೋರ್ ಕೊರೆಸಿದ ಮನೆಗೆ ಹೋದರೆ ಮೊದಲ ಮಾತೇ ‘ಎಷ್ಟು ಇಂಚು ನೀರು ಬಿತ್ತು?’ ಎರಡು ಇಂಚು ಅಂದರೆ ಕೇಳಿದವರಿಗೆ ಎರಡಿಂಚಿನ ಪೈಪು ತುಂಬ ನೀರು ಉಕ್ಕುವ ಚಿತ್ರ ಕಣ್ಣಿಗೆ ಬರುತ್ತದೆ. ಅದು ಆ ಇಂಚಲ್ಲ. ಕೊರೆದು ಮುಗಿದಮೇಲೆ ಕಂಪ್ರೆಸರಿನ ಗಾಳಿಗೆ ನೀರು ಮೇಲೆ ಬರುತ್ತದಲ್ಲ, ಬೋರಿನ ಬಾಯಿ ಸುತ್ತ ಮಣ್ಣಿನ ಕಟ್ಟೆ ಹಾಕಿ ಆ ನೀರನ್ನು ಒಂದೇ ಕಾಲುವೆಗೆ ತಿರುಗಿಸುತ್ತಾರೆ. ಕಾಲುವೆಗೆ ಅಡ್ಡಲಾಗಿ ಒಂದು ತಗಡು. ತಗಡಿನಲ್ಲಿ ಮೇಲಿಂದ ಕೆಳಕ್ಕೆ ಮೂಲೆಮಟ್ಟದ ಕೋನದಲ್ಲಿ ಇಂಗ್ಲಿಷಿನ ವಿ ಆಕಾರಕ್ಕೆ ಕತ್ತರಿಸಿದ ಕಚ್ಚು. ಕಚ್ಚಿನ ತಳದ ಮೊನೆಯಿಂದ ನೀರಿನ ಮಟ್ಟ ಎಷ್ಟು ಎತ್ತರವೋ ಅಷ್ಟು ಇಂಚು ನೀರು.

ಇದರಲ್ಲಿ ಹದಗೆಡುವ ಜಾಗಗಳು ಬೇಕಾದಷ್ಟಿವೆ. ತಗಡು ಓರೆ ನಿಂತಿರುತ್ತದೆ, ಪಕ್ಕದ ಮಣ್ಣಲ್ಲಿ ನೀರು ಸೋರಿಹೋಗುತ್ತಿರುತ್ತದೆ. ಕಚ್ಚಿನ ಹತ್ತಿರ ನೀರು ಬೀಳುವ ಅವಸರಕ್ಕೆ ಬಾಗುತ್ತದೆ, ಅಲ್ಲೇ ಅಳೆದರೆ ಕಡಿಮೆ ತೋರಿಸುತ್ತದೆ. ಅಳೆಯಬೇಕಾದ್ದು ತಗಡಿನಿಂದ ಸ್ವಲ್ಪ ಹಿಂದೆ, ನೀರು ಸಮ ನಿಂತಿರುವಲ್ಲಿ. ಕಂಪ್ರೆಸರ್ ಶುರುವಾದ ಕೂಡಲೇ ಅಳೆದರಂತೂ ಕೊಳವೆಯಲ್ಲಿ ನಿಂತ ನೀರೆಲ್ಲ ನುಗ್ಗಿ ಬಂದು ಮೂರು ಇಂಚಿನ ಸಂಭ್ರಮ. ಸಿಹಿ ಹಂಚಿ ಮುಗಿಯುವಷ್ಟರಲ್ಲಿ ಒಂದೂವರೆಗೆ ಇಳಿದಿರುತ್ತದೆ. ಮಟ್ಟ ಇಳಿಯುವುದು ನಿಲ್ಲುವವರೆಗೂ ಕಾಯಬೇಕು.

ಅದಕ್ಕಿಂತ ಮುಖ್ಯ, ಎರಡು ಇಂಚು ನೀರು ಒಂದು ಇಂಚಿನ ಎರಡು ಪಟ್ಟಲ್ಲ. ಎತ್ತರ ಎರಡಾದರೆ ಕಚ್ಚಿನ ಅಗಲವೂ ಎರಡಾಗುತ್ತದೆ, ನೀರಿನ ವೇಗ ಒಂದೂಕಾಲರಿಂದ ಒಂದೂವರೆಯ ನಡುವೆ ಏರುತ್ತದೆ, ಎಲ್ಲ ಗುಣಿಸಿದರೆ ಐದೂವರೆ ಪಟ್ಟು ಮೇಲೆ. ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರ್, ಎರಡಕ್ಕೆ ಮೂರು ಸಾವಿರದ ಹತ್ತಿರ, ಮೂರಕ್ಕೆ ಎಂಟು ಸಾವಿರದ ಹತ್ತಿರ. ಒಂದೂವರೆಯನ್ನು ಎರಡು ಅಂತ ಹೇಳಿದವನು ಸಣ್ಣ ಸುಳ್ಳು ಹೇಳಿಲ್ಲ, ನೀರನ್ನೇ ದುಪ್ಪಟ್ಟು ಮಾಡಿದ್ದಾನೆ. ಆ ಎರಡನ್ನು ನಂಬಿ ಮೋಟಾರು ಇಳಿಸಿದರೆ ಬಾವಿ ಕೊಡುವುದಕ್ಕಿಂತ ಹೆಚ್ಚು ಎಳೆದು, ನೀರಿಲ್ಲದೆ ಓಡಿ, ಬೇಸಿಗೆ ಮುಗಿಯುವುದರೊಳಗೆ ಕಾಯಿಲ್ ಸುಟ್ಟು ಮೇಲೆ ಬರುತ್ತದೆ. ಅಂದಹಾಗೆ, ಮೋಟಾರು ಎತ್ತಲು ಬಂದವರೂ ಮೊದಲು ಕೇಳುವುದು ಅದನ್ನೇ: ‘ಎಷ್ಟು ಇಂಚು ನೀರಿತ್ತು?’

ಕ್ಯಾಮೆರಾ ಮಾತಾಡುತ್ತಿದ್ದೆವು. ಇಂಚು ಬಿಟ್ಟು ಸೈಟಿನ ಲೆಕ್ಕಕ್ಕೆ ಬಂದರೆ ಮೈಸೂರಿನಲ್ಲಿ ಎಂಥವರಿಗೂ ಅರ್ಥವಾಗುತ್ತದೆ. ಸೂಪರ್‌ಜೂಮುಗಳ ಸೆನ್ಸರು ಸುಮಾರು 6.2 ಗುಣಿಸು 4.6 ಮಿ.ಮೀ., ಚದರ ಲೆಕ್ಕದಲ್ಲಿ 28. ಆರ್‌ಎಕ್ಸ್100ರದು 116. ಒಂದು ತರ್ಟಿ ಫಾರ್ಟಿ ಸೈಟು, ಇನ್ನೊಂದು ಸಿಕ್ಸ್ಟಿ ಏಯ್ಟಿ. ರಿಕೋ ಜಿಆರ್ 3ರಂಥ ಜೇಬಿನ ಕ್ಯಾಮೆರಾದಲ್ಲಿ ಅದು 367ರ ಆಸುಪಾಸು, ಅಂದರೆ ಕಲ್ಯಾಣ ಮಂಟಪ. ಮಳೆ ಎಲ್ಲ ತಾರಸಿಯ ಮೇಲೂ ಒಂದೇ ಸಮ ಸುರಿಯುತ್ತದೆ, ಕೆಳಗಿನ ನೀರಿನ ಸಂಪ್‌ಗೆ ಎಷ್ಟು ಬಿತ್ತು ಅನ್ನುವುದು ತಾರಸಿಯ ವಿಸ್ತಾರಕ್ಕೆ ಬಿಟ್ಟದ್ದು. ಅಗಲದ ತುದಿಯಲ್ಲಿ ಪಿ900 ಎಫ್ 2.8, ಆರ್‌ಎಕ್ಸ್100 ಎಫ್ 1.8; ತಾರಸಿಯೂ ಸೇರಿದರೆ ಒಟ್ಟು ಬೆಳಕು ಹತ್ತು ಪಟ್ಟು. ಆದರೆ ಆರ್‌ಎಕ್ಸ್100ರ ಜೂಮನ್ನು ತುದಿಗೆ ಎಳೆದರೆ 1.8 ಹೋಗಿ 4.9 ಆಗುತ್ತದೆ, ಬೆಳಕು ಏಳನೇ ಒಂದು ಪಾಲಿಗಿಂತ ಕಮ್ಮಿ. ಕೊಂಡವರಲ್ಲಿ ಅರ್ಧ ಜನ ಇದನ್ನು ಗಮನಿಸದೆ ರಾತ್ರಿ ಹೊತ್ತು ಜೂಮ್ ಎಳೆದು ‘ದೊಡ್ಡ ಸೆನ್ಸರ್ ಅಂತ ಮೋಸ’ ಅನ್ನುತ್ತಾರೆ.

ದೂರದ ಹಕ್ಕಿಗೆ ಬಂದರೆ ಸೈಟಿನ ಲೆಕ್ಕವೂ ಕೈಕೊಡುತ್ತದೆ. ಅಲ್ಲಿ ನೋಡಬೇಕಾದ್ದು ಮುಂದಿನ ಗಾಜಿನ ಬಾಯಿ. ಪಿ900ರ ನಿಜವಾದ ಫೋಕಲ್ ಲೆಂತ್ 357 ಮಿ.ಮೀ. (2000 ಅನ್ನುವುದು 35 ಎಂಎಂ ಫಿಲಂ ಕ್ಯಾಮೆರಾಕ್ಕೆ ಸಮ ಮಾಡಿ ಹೇಳಿದ ಲೆಕ್ಕ), ಅದನ್ನು 6.5ರಿಂದ ಭಾಗಿಸಿದರೆ ಬಾಯಿ 55 ಮಿ.ಮೀ. ಒಂದು ಇಂಚಿನ ಸೆನ್ಸರಿನ ದೊಡ್ಡ ಜೂಮ್, 2017ರ ಸೋನಿ ಆರ್‌ಎಕ್ಸ್10 ನಾಲ್ಕನೆಯ ಮಾದರಿ, 220 ಭಾಗಿಸು 4, ಅದೂ 55! ಒಂದೇ ಅಳತೆಯ ಚೊಂಬು, ಹಕ್ಕಿಯಿಂದ ಹಿಡಿಯುವ ಬೆಳಕೂ ಒಂದೇ. ಆದರೆ ಸೋನಿಯ 600ರಲ್ಲಿ ತೆಗೆದದ್ದನ್ನು 2000ದ ಚೌಕಟ್ಟಿಗೆ ಕತ್ತರಿಸಿದರೆ 20 ಮೆಗಾಪಿಕ್ಸೆಲ್ಲಿನಲ್ಲಿ ಉಳಿಯುವುದು ಎರಡಕ್ಕಿಂತ ಕಡಿಮೆ. ಹಾಗಂತ ಪಿ1000 ಕಡೆಗೆ ಓಡಬೇಕಿಲ್ಲ. ಅದು 3000ದಲ್ಲಿ ಎಫ್ 8 ಆಗುತ್ತದೆ, ಅಷ್ಟು ಕಿರಿದಾದ ಎಫ್‌ನಲ್ಲಿ ಬೆಳಕು ತಾನಾಗಿ ಹರಡಿ ಒಂದು ಚುಕ್ಕೆ ಎಂಟು ಪಿಕ್ಸೆಲ್ ಅಗಲಕ್ಕೆ ಕದಡುತ್ತದೆ. ಜೊತೆಗೆ 1,415 ಗ್ರಾಂ ತೂಕ. ಕುತ್ತಿಗೆ ಪಟ್ಟಿಯಲ್ಲಿ ಒಂದೂವರೆ ಕೇಜಿ ಸಕ್ಕರೆ ನೇತುಹಾಕಿಕೊಂಡು ಕರಿಘಟ್ಟ ಹತ್ತಿ ನೋಡಿ.

ಕುಕ್ಕರಹಳ್ಳಿಯ ನಡುಗಡ್ಡೆಯ ಹೆಜ್ಜಾರ್ಲೆಗೆ (ಪೆಲಿಕನ್) ಸೂಪರ್‌ಜೂಮೇ ಬೇಕು, ಸರಿ. ಬಿಸಿಲು ಏರುವ ಮುಂಚೆ. ಹತ್ತು ಗಂಟೆಯ ಮೇಲೆ ನೀರಿನ ಮೇಲಿನ ಗಾಳಿ ಕಾದು ನಡುಗುತ್ತದೆ, ಆ ನಡುಕವನ್ನು ಕ್ಯಾಮೆರಾ ನಿಷ್ಠೆಯಿಂದ ಹಿಗ್ಗಿಸಿ ಕೊಡುತ್ತದೆ. ಫೋಕಸ್ ಹಾಳಾಗಿದೆ ಅಂತ ಸರ್ವೀಸಿಗೆ ಒಯ್ಯುವವರಿದ್ದಾರೆ. ಹಕ್ಕಿ ಚೌಕಟ್ಟಿನಿಂದ ತಪ್ಪಿಹೋದರೆ ಆ ಕಡೆ ಈ ಕಡೆ ತಡಕಾಡಬೇಡಿ. ಪಿ900ರ ಲೆನ್ಸಿನ ಪಕ್ಕದಲ್ಲೇ ಇರುವ ಗುಂಡಿ ಒತ್ತಿ ಹಿಡಿದರೆ ನೋಟ ಅಗಲವಾಗುತ್ತದೆ, ಹಕ್ಕಿಯನ್ನು ನಡುವಿಗೆ ತಂದು ಬಿಟ್ಟರೆ ಮತ್ತೆ ಮೊದಲಿನ ಜಾಗಕ್ಕೆ ಹೋಗುತ್ತದೆ.

ರಂಗನತಿಟ್ಟಿನಲ್ಲಿ ದೋಣಿ ಹೇಗೂ ಹತ್ತಿರ ಹೋಗುತ್ತದೆ, 400-600 ಧಾರಾಳ. ಅಲ್ಲಿ ಎಡವಟ್ಟಾಗುವುದು ಷಟರ್ ವೇಗದಲ್ಲಿ. ಲೆನ್ಸಿನೊಳಗಿನ ನಡುಕತಡೆ ಕೈ ನಡುಕವನ್ನು ತಡೆಯುತ್ತದೆ, ರೆಕ್ಕೆ ಬಡಿಯುವ ಬಾಯ್ಕಳಕ ಕೊಕ್ಕರೆಯನ್ನು ತಡೆಯುವುದಿಲ್ಲ. ಸೆಕೆಂಡಿನ ಸಾವಿರನೇ ಒಂದು ಭಾಗ ಬೇಕು. ಬಿದಿರುಮೆಳೆಯ ನೆರಳಲ್ಲಿ ಎಫ್ 6.5 ಇಟ್ಟರೆ ಐಎಸ್‌ಒ 800, 1600 ಮುಟ್ಟಿ ಗರಿಗಳೆಲ್ಲ ಕಲಸಿ ಮುದ್ದೆಯಾಗುತ್ತವೆ. ಪಿ900ರಲ್ಲಿ ರಾ ಫೈಲೂ (ಸೆನ್ಸರ್ ಹಿಡಿದದ್ದು ಹಸಿಯಾಗಿ ಹಾಗೇ) ಇಲ್ಲ, ಆಮೇಲೆ ಕೂತು ತಿದ್ದುವ ಆಸೆಯೂ ಬಿಡಬೇಕು. ಕೊಕ್ಕರೆಬೆಳ್ಳೂರಿನಲ್ಲಿ ಇದ್ಯಾವುದರ ತಲೆನೋವೂ ಇಲ್ಲ. ಊರೊಳಗಿನ ಹುಣಸೆಮರದ ಮೇಲೇ ಗೂಡು, ಕೆಳಗೆ ಹಸು. 24-200ರ ಒಂದಿಂಚಿನ ಕ್ಯಾಮೆರಾ ಸಾಕು, ತಲೆಗೊಂದು ಟವೆಲ್ ಖಂಡಿತ ಇರಲಿ.

ಅರಮನೆ ದೀಪಕ್ಕೆ ಸಣ್ಣ ಕ್ಯಾಮೆರಾದ್ದೇ ರಾಜ್ಯಭಾರ. ಭಾನುವಾರ ಸಂಜೆ ಏಳಕ್ಕೆ ಲಕ್ಷದ ಹತ್ತಿರ ಬಲ್ಬು ಒಟ್ಟಿಗೆ ಹತ್ತಿದಾಗ ಎಕ್ಸ್‌ಪೋಷರನ್ನು ಒಂದು, ಒಂದೂವರೆ ಸ್ಟಾಪ್ ಕೆಳಗಿಳಿಸಿ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ), ಇಲ್ಲದಿದ್ದರೆ ಬಲ್ಬುಗಳೆಲ್ಲ ಅಂಟಿ ಹಳದಿ ಗೋಡೆ. ಬಣ್ಣದ ಹದ ನೋಡಿಕೊಳ್ಳುವ ವೈಟ್ ಬ್ಯಾಲೆನ್ಸನ್ನು ಬಿಸಿಲಿನ ಗುರುತಿಗೆ ಇಡಿ. ಆಟೋ ಆ ಬಂಗಾರವನ್ನೆಲ್ಲ ತೊಳೆದುಬಿಡುತ್ತದೆ. ಜೂನ್‌ನಲ್ಲಿ ಹೋದರೆ ಸೂರ್ಯ ಮುಳುಗಿ ಹೆಚ್ಚು ಹೊತ್ತಾಗಿರುವುದಿಲ್ಲ, ಗೋಪುರದ ಹಿಂದೆ ನೀಲಿ ಉಳಿದಿರುತ್ತದೆ. ನವೆಂಬರಿನಲ್ಲಿ ಏಳಕ್ಕೆಲ್ಲ ಕಾಡಿಗೆ ಕಪ್ಪು.

ಸಣ್ಣ ಕ್ಯಾಮೆರಾದ್ದು ಒಂದೇ ರೋಗ, ಧೂಳು. ಸ್ವಿಚ್ ಒತ್ತಿದಾಗೆಲ್ಲ ಲೆನ್ಸಿನ ಕೊಳವೆ ಹೊರಗೆ ಒಳಗೆ ಆಡುತ್ತದೆ, ಆಡುವಾಗ ಸುತ್ತಲಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ದೇವರಾಜ ಮಾರುಕಟ್ಟೆಯ ಕುಂಕುಮದ ಗೋಪುರಗಳ ಮುಂದೆ ನಿಂತು ಹತ್ತು ಸಲ ಆನ್ ಆಫ್ ಮಾಡಿದರೆ ಏನು ಒಳಗೆ ಹೋಗುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಲೆನ್ಸ್ ಬಿಚ್ಚುವ ಹಾಗಿಲ್ಲ, ಊದುವ ಹಾಗಿಲ್ಲ, ಪೂರ್ತಿ ಕಳಚಿಯೇ ತೆಗೆಯಬೇಕು. ಎಫ್ 2.8ರಲ್ಲಿ ಕಾಣದ ಕಣ ಎಫ್ 11ಕ್ಕೆ ಇಟ್ಟ ದಿನ ಎದ್ದು ಕಾಣುತ್ತದೆ. ಚಾಮುಂಡಿ ಬೆಟ್ಟದ ಫೋಟೋದಲ್ಲಿ ಬಲಗಡೆ ಮೇಲೆ ಒಂದು ಹದ್ದು. ಕಾರಂಜಿ ಕೆರೆಯ ಫೋಟೋದಲ್ಲೂ ಬಲಗಡೆ ಮೇಲೆ, ಅದೇ ಹದ್ದು. ನಾಮಕರಣದ ಗ್ರೂಪ್ ಫೋಟೋದಲ್ಲಿ ಅದು ಸೋದರಮಾವನ ಹಣೆಯ ಮೇಲೆ ಕೂತಿರುತ್ತದೆ.