ನಳ ಬಂದಿದ್ದವು, ಅಡ್ಮಿನ್ ಮಲಗಿದ್ದ

ವಿಜಯಪುರದ ನಮ್ಮ ಓಣಿಗೆ ದಿನಾ ನೀರು ಬರುವುದಿಲ್ಲ. ಬರುವ ದಿನವೂ ಇಂಥ ಹೊತ್ತಿಗೇ ಎಂದಿಲ್ಲ. ಅದಕ್ಕಾಗಿ ನಾನೊಂದು ವಾಟ್ಸಾಪ್ ಗ್ರೂಪು ಮಾಡಿದೆ. ವಾಲ್ವ್ ತಿರುಗಿಸುವ ಹುಡುಗ "ನಳ ಬಂದಾವ್ರಿ" ಎಂದು ಹಾಕಬೇಕು, ನಾವು ಕೊಡ ಹಿಡಿದು ಏಳಬೇಕು. ಅಷ್ಟೇ. ಎರಡು ಶಬ್ದದ ಗ್ರೂಪಿಗೆ ಅಡ್ಮಿನ್ ಆಗುವುದೇನು ದೊಡ್ಡ ಮಾತು ಅಂದುಕೊಂಡಿದ್ದೆ.

ಎರಡನೇ ವಾರ ಮೂಲೆಮನೆ ಕಾಕಾ ಶುಭೋದಯ ಹಾಕಿದರು. ಗುಲಾಬಿ, ದೀಪ, ಕೆಳಗೊಂದು ನುಡಿಮುತ್ತು. ಹಿರಿಯರೇ ಹಾಕಿದ ಮೇಲೆ ಉಳಿದವರು ಬಿಡ್ತಾರಾ? ನಳದ ಸುದ್ದಿ ಹುಡುಕಬೇಕೆಂದರೆ ಇಪ್ಪತ್ತು ಗುಲಾಬಿ ದಾಟಿ ಹೋಗಬೇಕು. ಒಂದು ದಿನ ಕಾಕಾ ಫೋನ್ ಹಿಡಿದು ಮನೆಗೇ ಬಂದರು. "ತಮ್ಮಾ, ಇದು ಕೆಟ್ಟದ ನೋಡು. ಐದು ಕಡೆಗಿಂತ ಜಾಸ್ತಿ ಹೋಗವಲ್ದು."

ಕೆಟ್ಟಿಲ್ಲ ಕಾಕಾ, ಸುಳ್ಳು ಸುದ್ದಿ ಹಬ್ಬಬಾರದು ಅಂತ 2018ರಿಂದ ನಮ್ಮ ದೇಶದಲ್ಲಿ ಫಾರ್ವರ್ಡಿಗೆ ಐದರ ಮಿತಿ ಹಾಕಿದ್ದಾರೆ, ಹಲವು ಕೈ ದಾಟಿ ಎರಡು ಬಾಣದ ಗುರುತು ಬಿದ್ದಿದ್ದರೆ 2020ರಿಂದ ಒಂದೇ ಕಡೆ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು. "ಹಂಗಾರ ಐದೈದು ಮಾಡಿ ಕಳಸ್ತೀನಿ ಬಿಡು" ಎಂದು ಸಮಾಧಾನದಿಂದ ಹೋದರು.

ಆಮೇಲೆ ಲಗ್ನಪತ್ರಿಕೆ ಬಂತು. ಹುಡುಗನ ಹೆಸರಿಲ್ಲ, ಹುಡುಗಿಯ ಹೆಸರಿಲ್ಲ, ಫೈಲಿನ ಬಾಲದಲ್ಲಿ ಮಾತ್ರ ಎಪಿಕೆ ಅಂತಿದೆ. ಅಂದರೆ ಅದು ಪತ್ರಿಕೆಯಲ್ಲ, ಆ್ಯಪ್. ಇನ್‌ಸ್ಟಾಲ್ ಮಾಡಿ, ಕೇಳಿದ್ದಕ್ಕೆಲ್ಲ ಹೂಂ ಅಂದರೆ ಒಟಿಪಿ ಕಳ್ಳರ ಕೈಗೆ. ನಾನು ಗಾಬರಿಯಲ್ಲಿ ಅಳಿಸುವಷ್ಟರಲ್ಲಿ "ಯಾರ ಲಗ್ನ್ರೀ?", "ಊಟ ಎಲ್ಲೈತಿ?", "ಆಹೇರಿ ಎಷ್ಟು ಹಾಕೂದು?" ಎಂದು ಮೂವರು ಕೇಳಿಯಾಗಿತ್ತು. ಯಾರದಾದರೂ ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ ಎಂದು ಬರೆದೆ. ಅದು ಕಲ್ಯಾಣಮಂಟಪದ ನಂಬರೇನ್ರಿ ಎಂದು ಒಬ್ಬರು ಕೇಳಿದರು. ಎದುರುಮನೆ ವೈನಿಗೆ ಬೇರೆಯದೇ ಬೇಜಾರು. "ಮಂಗಳಕಾರ್ಯದ ಪತ್ರಿಕಾ ಅಳಸಬಾರದಿತ್ರಿ, ಅಪಶಕುನ."

ಇವರಿಗೆ ತಿಳಿಹೇಳೋಣ ಎಂದು ಸ್ಪ್ಯಾಮ್, ಅಂದರೆ ಕೇಳದೆ ಬಂದು ಬೀಳುವ ಮೆಸೇಜುಗಳ ಬಗ್ಗೆ ಓದಿಕೊಂಡು ಕೂತು ಬರೆದೆ. 1978ರಲ್ಲಿ ಅಮೆರಿಕದ ಕಂಪ್ಯೂಟರ್ ಮಾರಾಟಗಾರನೊಬ್ಬ ಸುಮಾರು 400 ಜನರಿಗೆ ಒಂದೇ ಜಾಹೀರಾತು ಕಳಿಸಿ ಬೈಸಿಕೊಂಡಿದ್ದ, ಸ್ಪ್ಯಾಮ್ ಅನ್ನುವುದು ಮೂಲದಲ್ಲಿ ಡಬ್ಬಿಯ ಹಂದಿಮಾಂಸದ ಹೆಸರು, ಹೀಗೆ. 1978 ಯಾರ ಕಣ್ಣಿಗೂ ಬೀಳಲಿಲ್ಲ. ಶ್ರಾವಣ ಸೋಮವಾರ ನೀರಿನ ಗ್ರೂಪಿನಲ್ಲಿ ಹಂದಿಯ ಮಾತೇಕೆ ಎಂದು ರಾತ್ರಿವರೆಗೆ ನಡೆಯಿತು. ಅದನ್ನು ಶುರು ಮಾಡಿದ್ದು ಅಡ್ಮಿನ್ನೇ ಎಂದು ಎಲ್ಲರೂ ನೆನಪಿಟ್ಟುಕೊಂಡರು.

ಆದರೆ ನನ್ನನ್ನು ಮುಗಿಸಿದ್ದು ಗೋಳಗುಮ್ಮಟ, ಒಮ್ಮೆ ಕೂಗಿದರೆ ಹಲವು ಸಲ ಮರುದನಿ ಕೊಡುವ ನಮ್ಮೂರ ಗುಮ್ಮಟ. ಒಬ್ಬ ಹುಡುಗ ಸಂಜೆಯಿಂದ "ನಳ ಯಾವಾಗ?" ಎಂದು ಹಾಕುತ್ತಲೇ ಇದ್ದ. ನಿವೃತ್ತ ಮಾಸ್ತರು, "ಒಮ್ಮೆ ಕೇಳಿದ್ರ ಸಾಕಪಾ, ಗುಮ್ಮಟದಂಗ ಏಳು ಸಲ ಯಾಕ?" ಅಂದರು. ಅಲ್ಲಿಗೆ ನಿಲ್ಲಬೇಕಿತ್ತು. ಕಾಕಾ ಬಂದರು. "ಏಳಲ್ರಿ ಸರ, ಹತ್ತು."

ಮಾಸ್ತರು ಗುಮ್ಮಟ ಕಟ್ಟಿಸಿದ ಸುಲ್ತಾನ ಮಹಮ್ಮದ್ ಆದಿಲ್ ಶಾಹನಿಂದ ಶುರುಮಾಡಿದರು. ಅವನು ತೀರಿಕೊಂಡ 1656, ಗುಮ್ಮಟದ ಹೊರಗಿನ ಅಡ್ಡಳತೆ 44 ಮೀಟರ್, ಒಳಗೆ ಒಂದೂ ಕಂಬ ಇಲ್ಲ, ಎಲ್ಲ ಹಾಕಿದರು. ಕಾಕಾನದು ಒಂದೇ ಉತ್ತರ. "ಸಣ್ಣಾಂವ ಇದ್ದಾಗ ಎಣಿಸೀನ್ರಿ." ಈಗ ಹುಡುಗರ ಕೇಕೆ, ಚಪ್ಪಾಳೆಯಲ್ಲಿ ಒಂದೂ ಕೇಳಿಸುವುದಿಲ್ಲ ಎಂದು ಮತ್ತೊಬ್ಬರು. (ಇದೊಂದು ಮಾತು ನಿಜ.) ಅಷ್ಟರಲ್ಲಿ ಯಾರೋ ಬಿಜಾಪುರ ಎಂದು ಬರೆದರು. 2014ರ ನವೆಂಬರ್ 1ರಿಂದ ವಿಜಯಪುರ ಎಂದು ಇನ್ಯಾರೋ ತಿದ್ದಿದರು. ಅಲ್ಲಿಂದ ಮಾತು ಎತ್ತ ಹೋಯಿತೆಂದು ನಾನು ಬರೆಯುವುದಿಲ್ಲ. ಮಧ್ಯದಲ್ಲಿ ಆ ಹುಡುಗ ಮಾತ್ರ ಪಾಪ, "ನಳ ಯಾವಾಗ?" ಎನ್ನುತ್ತಲೇ ಇದ್ದ.

ರಾತ್ರಿ ಹನ್ನೊಂದಕ್ಕೆ ಸೆಟಿಂಗಿಗೆ ಹೋಗಿ, ಅಡ್ಮಿನ್ ಮಾತ್ರ ಮೆಸೇಜು ಕಳಿಸಬಹುದು ಅನ್ನುವುದನ್ನು ಒತ್ತಿದೆ. ಆಹಾ, ಗ್ರೂಪು ತಣ್ಣಗಾಯಿತು. ಕರೆ ಮಾಡಿ ಬೈಯುವವರಿಗೂ ಅವಕಾಶ ಬೇಡ ಎಂದು ಫೋನನ್ನು ಸೈಲೆಂಟಿಗೆ ಹಾಕಿ, ತಿಂಗಳಲ್ಲಿ ಮೊದಲ ಸಲ ಕಾಲು ಚಾಚಿ ಮಲಗಿದೆ.

ಎದ್ದಾಗ ಏಳೂವರೆ. ಫೋನಿನಲ್ಲಿ ವಾಲ್ವ್ ಹುಡುಗನ ಹದಿನಾಲ್ಕು ಮಿಸ್ಡ್ ಕಾಲ್. ಕೊನೆಗೆ ನನಗೊಬ್ಬನಿಗೇ ಒಂದು ಮೆಸೇಜು, 4.50ಕ್ಕೆ: "ಅಣ್ಣಾರ, ಗ್ರೂಪಿನ್ಯಾಗ ಬರಿಯಾಕ ಬಿಡವಲ್ದು. ನಳ ಬಂದಾವ್ರಿ." ಆರಕ್ಕೆ ಹೋಗಿಯೂ ಆಗಿತ್ತು.

ಓಣಿಯಲ್ಲಿ ಯಾರೂ ಎದ್ದಿರಲಿಲ್ಲ. ಎಲ್ಲರೂ ಫೋನನ್ನು ನಂಬಿ ಮಲಗಿದ್ದರು. ನೀರು ಹಿಡಿದದ್ದು ಒಂದೇ ಮನೆ, ಫೋನೇ ಇಲ್ಲದ ಆಯಿಯದು. ಆಕೆ ಹಳೇ ಕಾಲದಂತೆ ನಳ ತೆರೆದು, ಕೆಳಗೆ ತಾಮ್ರದ ಕೊಡ ಇಟ್ಟು ಮಲಗುತ್ತಾಳೆ. ನೀರಿಗಿಂತ ಮೊದಲು ಗಾಳಿ ಸುಂಯ್ ಅನ್ನುತ್ತದೆ, ಆಮೇಲೆ ಕೊಡ ಠಣ್ ಅನ್ನುತ್ತದೆ, ಆಯಿ ಏಳುತ್ತಾಳೆ.

ಎಂಟು ಗಂಟೆಗೆ ಇಡೀ ಗ್ರೂಪು ಆಯಿಯ ಅಂಗಳದಲ್ಲಿ ಪಾಳಿ ಹಚ್ಚಿತ್ತು. ಮನೆಗೆ ಎರಡು ಕೊಡ. ಮುಂದೆ ಮಾಸ್ತರು, ಅವರ ಹಿಂದೆ ಕಾಕಾ.

"ಏಳು ಅಂದ್ರ ಏಳs."

"ಹತ್ತ್ರೀ ಸರ. ಇವತ್ತ ನಡೀರಿ ಹೋಗೂಣು, ಟಿಕೇಟ ನಾ ತಗಸ್ತೀನಿ."

ನಾನು ಸದ್ದಿಲ್ಲದೆ ಕೊಡ ಹಿಡಿದು ನಡುವೆ ಸೇರಿಕೊಳ್ಳಲು ನೋಡಿದೆ. ಆಯಿ ತಂಬಿಗೆ ಎತ್ತಿ ನನ್ನತ್ತ ತೋರಿಸಿದಳು.

"ಏ, ನೀ ಕಡೀಕ ನಿಲ್ಲು. ಅಡ್ಮಿನ್ ಅಂತಲ್ಲ, ನೀನs ಹೌದಿಲ್ಲ?"