ಗುರುತಿಗೆ ಕಾಲಂ ಇಲ್ಲದ ಪಟ್ಟಿ

ಧಾರವಾಡ ಬಿಟ್ಟು ಈಗ ಮಗನ ಡೊಂಬಿವಲಿ ಮನೆಯಲ್ಲಿರುವ ನಮ್ಮ ಸೋದರಮಾವನವರಿಗೆ ಎರಡು ವರ್ಷಗಳಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆದಿದೆ. ಮೃತ ದಾನಿಯ ಕಿಡ್ನಿಗಾಗಿ ಹೆಸರನ್ನೂ ನೋಂದಾಯಿಸಿದ್ದಾರೆ. ಕಳೆದ ತಿಂಗಳು ಮಾಮಿ ಫೋನು ಮಾಡಿ, "ಇಷ್ಟ್ ವರ್ಷ ಮುಂಬಯಿದಾಗ ಇದ್ದಿ, ಗುರ್ತಿನವರು ಯಾರರ ಇದ್ರ ಹೆಸರು ಒಂಚೂರು ಮ್ಯಾಲ ಹಾಕಸಪಾ" ಎಂದರು. ನಾನೂ ನಾಚದೆ ಆಸ್ಪತ್ರೆಯ ಕಸಿ ಸಂಯೋಜಕಿಯ ಎದುರು ಹೋಗಿ ನಿಂತೆ. ಆಕೆ ಸಿಟ್ಟಾಗಲಿಲ್ಲ; ಪಟ್ಟಿಯ ಸರದಿ ನಿಲ್ಲುವುದು ಅಂಕಗಳ ಮೇಲೆ, ಡಯಾಲಿಸಿಸ್‌ನಲ್ಲಿ ಕಳೆದ ತಿಂಗಳುಗಳಿಗೆ ಇಷ್ಟು ಅಂಕ, ಮಕ್ಕಳಾದರೆ ವಯಸ್ಸು ನೋಡಿ ಹೆಚ್ಚಿನ ಅಂಕ ಎಂದು ವಿವರಿಸಿ, "ಇದರಲ್ಲಿ ಗುರುತಿಗೆ ಕಾಲಂ ಇಲ್ಲ" ಎಂದು ಮರಾಠಿಯಲ್ಲಿ ಮೆತ್ತಗೆ ಹೇಳಿದರು. ಲೋಕಲ್ ಹತ್ತಿದ ಮೇಲೂ ಆ ಮಾತು ಚುಚ್ಚುತ್ತಲೇ ಇತ್ತು.

ಊರಿನಲ್ಲಿ ನಮ್ಮ ತಂದೆಯ ಶಸ್ತ್ರಚಿಕಿತ್ಸೆಗೆ ಹಾಸಿಗೆ ದೊರೆತದ್ದು ಅವರ ಹಳೆಯ ವಿದ್ಯಾರ್ಥಿಯೊಬ್ಬರ ಒಂದು ಫೋನಿನಿಂದ. ಅದನ್ನು ನಾವು ಇಂದಿಗೂ ಮಾನವೀಯತೆ ಎಂದೇ ಕೊಂಡಾಡುತ್ತೇವೆ. ಅದೇ ಪಡಸಾಲೆಯಲ್ಲಿ ನಮಗಿಂತ ಮೊದಲೇ ಬಂದು ಚಾಪೆ ಹಾಸಿಕೊಂಡು ಕುಳಿತಿದ್ದ ಮುದುಕಿಗೆ ಹಾಸಿಗೆ ಏಕೆ ಸಿಗಲಿಲ್ಲವೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅರ್ಥಶಾಸ್ತ್ರಜ್ಞರು ಜೀವಕ್ಕೆ ಬೆಲೆ ಕಟ್ಟುತ್ತಾರೆಂದು ನಮ್ಮವರು ಬೈಯುವಾಗ ನನಗೆ ಆ ಚಾಪೆ ನೆನಪಾಗುತ್ತದೆ. ಸರಕಾರಿ ಆರೋಗ್ಯ ಸೇವೆ ಯಾವ ಚಿಕಿತ್ಸೆಗೆ ಹಣ ಕೊಡಬೇಕೆಂದು ತೂಗಿ ಹೇಳುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯು ಪೂರ್ಣ ಆರೋಗ್ಯದ ಒಂದು ವರ್ಷದ ಆಯುಷ್ಯವನ್ನು ದೊರಕಿಸಲು 20ರಿಂದ 30 ಸಾವಿರ ಪೌಂಡಿನವರೆಗೆ ವೆಚ್ಚ ಮಾಡಬಹುದೆಂಬ ಅಳತೆಯನ್ನು ಬಹುಕಾಲ ಬಹಿರಂಗವಾಗಿಯೇ ಇಟ್ಟುಕೊಂಡಿತ್ತು. ಒಪ್ಪದವರು ಅದರೊಡನೆ ಜಗಳವಾಡಬಹುದಿತ್ತು. ಫೋನಿನೊಡನೆ ಜಗಳವಾಡುವುದು ಹೇಗೆ? ಲೆಕ್ಕ ಬಿಟ್ಟು ಮನುಷ್ಯರ ವಿವೇಚನೆಗೇ ಒಪ್ಪಿಸಿದ ಉದಾಹರಣೆಯೂ ಇದೆ. 1960ರ ದಶಕದ ಆರಂಭದಲ್ಲಿ, ಡಯಾಲಿಸಿಸ್ ಯಂತ್ರಗಳು ಬೆರಳೆಣಿಕೆಯಷ್ಟಿದ್ದಾಗ, ಅಮೆರಿಕದ ಸಿಯಾಟಲ್‌ನಲ್ಲಿ ಹೆಸರು ಹೇಳದ ನಾಗರಿಕರ ಸಮಿತಿಯೊಂದು ರೋಗಿಗಳ ಉದ್ಯೋಗ, ಸಂಸಾರ, ಚರ್ಚಿನ ಒಡನಾಟಗಳನ್ನೆಲ್ಲ ತೂಗಿ ಯಾರು ಬದುಕಬೇಕೆಂದು ನಿರ್ಧರಿಸುತ್ತಿತ್ತು. ಸಜ್ಜನರೇ ಇದ್ದಿರಬೇಕು, ಆದರೂ ಅದು ಕೋಟು ತೊಟ್ಟ ವಶೀಲಿಯೆಂದೇ ನನಗನಿಸುತ್ತದೆ.

ಮುಂಬಯಿಯನ್ನು ಹೊಗಳುವ ಭರದಲ್ಲಿ ಮರೆತೆನೆಂದು ಯಾರೂ ಹೇಳಬಾರದು: ಮರಾಠಿಯಲ್ಲಿಯೂ 'ವಶಿಲಾ' ಎಂಬ ಶಬ್ದವಿದೆ, ಅದು ಇಲ್ಲಿ ನಿರುದ್ಯೋಗಿಯೇನಲ್ಲ. ಕಸಿಯ ಮುಂಚಿನ ಪರೀಕ್ಷೆಗಳಿಗೂ ಮುಂದೆ ಬದುಕಿರುವಷ್ಟು ಕಾಲದ ಮಾತ್ರೆಗಳಿಗೂ ಹಣ ಹೊಂದಿಸಲಾಗದವನ ಹೆಸರು ಪಟ್ಟಿಗೇ ಏರುವುದಿಲ್ಲ, ಆದ್ದರಿಂದ ಅವನ ಅಂಕವನ್ನು ಯಾರೂ ಎಣಿಸುವುದಿಲ್ಲ. ಹಿಂದಿನ ರಾಷ್ಟ್ರೀಯ ನಿಯಮದಂತೆ 65 ದಾಟಿದವರಿಗೆ ನೋಂದಣಿಯೇ ಇರಲಿಲ್ಲ. 2023ರಲ್ಲಿ ಕೇಂದ್ರ ಸರಕಾರ ಆ ಮಿತಿಯನ್ನು ತೆಗೆದದ್ದರಿಂದಲೇ 67ರ ನಮ್ಮ ಮಾವ ಸರದಿಯಲ್ಲಿದ್ದಾರೆ. ಉಳಿದ ಆಯುಷ್ಯವನ್ನು ಎಣಿಸುವ ಲೆಕ್ಕ ಮುದುಕರ ಮಟ್ಟಿಗೆ ನಿಷ್ಠುರವೆಂಬುದನ್ನು ಒಪ್ಪಲೇಬೇಕಾಯಿತು.

ಕಳೆದ ಭಾನುವಾರ ಡೊಂಬಿವಲಿಗೆ ಹೋಗಿ ಪಟ್ಟಿಯ ವಿಷಯ ತಿಳಿಸಿದೆ. ಮಾಮಿ ಮುಖ ತಿರುಗಿಸಿದರು. ವೈದ್ಯರು ಮಾವನವರಿಗೆ ದಿನಕ್ಕೆ ಒಂದು ಲೀಟರ್ ನೀರನ್ನಷ್ಟೇ ಹೇಳಿದ್ದಾರೆ. ಮಾಮಿ ಬೆಳಿಗ್ಗೆಯೇ ಅದನ್ನು ಸ್ಟೀಲಿನ ತಂಬಿಗೆಯಲ್ಲಿ ತುಂಬಿಟ್ಟು, ಮಾತ್ರೆಗಿಷ್ಟು, ಸಾರಿಗಿಷ್ಟು, ಚಹಾಕ್ಕಿಷ್ಟು ಎಂದು ಅದರಿಂದಲೇ ತೆಗೆಯುತ್ತಾರೆ. ಮಾವ ನನ್ನ ನೆಪದಲ್ಲಿ ಇನ್ನರ್ಧ ಕಪ್ಪು ಚಹಾ ಕೇಳಿದರು. ಮಾಮಿ ಬಾಗಿ ತಂಬಿಗೆಯೊಳಗೆ ನೋಡಿ, ಆಗುವುದಿಲ್ಲವೆಂದರು.